ಮಿಕ್ಸಿ ಸದ್ದಲ್ಲ ಸ್ವಾಮೀ, ಸಂಗೀತ!

ಈ ಪೋಸ್ಟ್ ಬರೆಯಬೇಕು ಅಂತ ಮೂರು ವಾರದಿಂದ ಅಂದುಕೊಳ್ಳುತ್ತಿದ್ದೆ. ಸಿಟ್ಟು ಸ್ವಲ್ಪ ಇಳಿಯಲಿ ಅಂತ ಕಾದೆ. ಇಳಿಯಲಿಲ್ಲ. ಹಾಗಾಗಿ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಹೊಟ್ಟೆಗೆ ಹಾಕಿಕೊಳ್ಳಿ.

ನಡೆದದ್ದು ಇಷ್ಟು. ಒಂದು ಭಾನುವಾರ ಅಕ್ಕನ ಮನೆಗೆ ಹೋಗಿದ್ದೆ. ಜೊತೆಗೆ ನನ್ನ ಹಳೇ ಗೆಳೆಯನೊಬ್ಬನಿದ್ದ. ಒಳ್ಳೇ ರಸಿಕ. ರಾಮನವಮಿ ಬಂತೆಂದರೆ ಚಾಮರಾಜಪೇಟೆಯ ಫೋರ್ಟ್ ಹೈಸ್ಕೂಲ್ ಮೈದಾನದ ಪೆಂಡಾಲಿನಲ್ಲೇ ಅವನ ಸಂಜೆಗಳು ಕಳೆಯೋದು. ನನಗೆ ಕಛೇರಿ ಕೇಳೋದು ಕಲಿಸಿದವನೂ ಅವನೇ, ಅದನ್ನು ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ.

ಹಾಲಿನಲ್ಲಿ ಅಕ್ಕನ ಮಗಳು ಕೀಬೋರ್ಡ್ ಮುಂದೆ ಕೂತು ಏನೋ ನುಡಿಸುತ್ತಿದ್ದಳು. ಹನ್ನೊಂದು ವರ್ಷ ಅವಳಿಗೆ. ಎಡಗೈಯಲ್ಲಿ ನಾಲ್ಕೇ ನಾಲ್ಕು ಮೆಟ್ಟು ಹತ್ತಿ ಇಳಿದ ಹಾಗೆ ಸ್ವರಗಳು, ಮೇಲೆ ಬಲಗೈಯಲ್ಲಿ ಒಂದು ಮೆಲ್ಲನೆಯ ರಾಗ. ಅವಸರವೇ ಇಲ್ಲ. ಯಾರೂ ಹೇಳಿಕೊಟ್ಟದ್ದಲ್ಲ, ನೋಟೇಶನ್ ನೋಡಿದ್ದೂ ಅಲ್ಲ, ಕಿವಿಯಿಂದಲೇ ಹುಡುಕಿ ಹುಡುಕಿ ಕೂಡಿಸಿಕೊಂಡದ್ದು. ಗೆಳೆಯ ಬಾಗಿಲಲ್ಲೇ ನಿಂತು ಪೂರ್ತಿ ಕೇಳಿದ. ಕಣ್ಣು ಮುಚ್ಚಿಕೊಂಡಿದ್ದ ಕೂಡ.

"ಬಹಳ ಚೆನ್ನಾಗಿದೆ ಪುಟ್ಟಾ! ಯಾವ ಸಿನಿಮಾದ್ದು?"

"ಸಿನಿಮಾ ಅಲ್ಲ ಅಂಕಲ್. ಮೈನ್‌ಕ್ರಾಫ್ಟ್ ಗೇಮಿಂದು."

"ಓ... ಗೇಮಾ? ಸರಿ ಸರಿ. ಈಗ ಯಾವ್ದಾದ್ರೂ ಒಳ್ಳೇ ಹಾಡು ನುಡಿಸು ನೋಡೋಣ."

ಹುಡುಗಿ ಸ್ವಿಚ್ ಆಫ್ ಮಾಡಿ ಒಳಗೆ ಹೋದಳು. ಕಾಫಿ ಕುಡಿಯುವಾಗ ನಾನು ಏನೋ ಗೊಣಗಿದ್ದಕ್ಕೆ ಅವನು, "ಅಲ್ಲಯ್ಯಾ, ಗೇಮಿನ ಕುಂಯ್ ಕುಂಯ್ ಎಲ್ಲಾ ಸಂಗೀತ ಅಂದ್ರೆ ನಿಮ್ಮಕ್ಕನ ಮಿಕ್ಸಿಯೂ ಸಂಗೀತವೇ" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಮೂರು ವಾರದಿಂದ ಕುಟುಕುತ್ತಿರೋದು ಆ ನನ್ನ ನಗುವೇ.

ಗಮನಿಸಿ, ಅವನ ಕಿವಿ ಒಪ್ಪಿತ್ತು. ಕಣ್ಣು ಮುಚ್ಚಿ ಕೇಳಿದ್ದ. ಯಾವಾಗ "ಗೇಮ್" ಅನ್ನೋ ಪದ ಬಿತ್ತೋ ಆಗ ಕಿವಿ ಕೊಟ್ಟ ತೀರ್ಪನ್ನ ತಲೆ ರದ್ದು ಮಾಡಿತು. ಹಾಡು ಒಂದೇ, ನುಡಿಸಿದ ಕೈ ಒಂದೇ, ಕೇಳಿದ ಕಿವಿ ಒಂದೇ. ಬದಲಾದದ್ದು ಊರಿನ ಹೆಸರು ಮಾತ್ರ. ಇದಕ್ಕೆ ರಸಿಕತೆ ಅಂತಾರಾ? ಜಾತಕ ನೋಡಿ ಹುಡುಗಿ ಒಪ್ಪೋದಕ್ಕೂ ಇದಕ್ಕೂ ಏನು ವ್ಯತ್ಯಾಸ?

ನಾನು ಬೆಳೆದ ಊರಲ್ಲಿ ತೊಂಬತ್ತರ ದಶಕದಲ್ಲಿ ಒಂದು ವಿಡಿಯೋ ಗೇಮ್ ಅಂಗಡಿ ಇತ್ತು. ಗಂಟೆಗಿಷ್ಟು ಅಂತ ದುಡ್ಡು ಕೊಟ್ಟು ಆಡೋದು. ಆಮೇಲೆ ಹಟ ಮಾಡಿ ಮನೆಗೂ ಒಂದು ಟಿವಿ ಗೇಮ್ ತರಿಸಿಕೊಂಡೆ. ಜಪಾನಿನ ನಿಂಟೆಂಡೋ ಯಂತ್ರದ ಡೂಪ್ಲಿಕೇಟ್ ಅದು ಅಂತ ಆಗ ಯಾರಿಗೆ ಗೊತ್ತಿತ್ತು? ಹಳದಿ ಬಣ್ಣದ ಕ್ಯಾಸೆಟ್ಟು (ಕಾರ್ಟ್ರಿಜ್ ಅನ್ನೋ ಪದ ಕೇಳಿದ್ದೇ ಎಷ್ಟೋ ವರ್ಷದ ಮೇಲೆ), ಅದು ಓಡದಿದ್ದರೆ ತೆಗೆದು ಬಾಯಿಂದ ಊದಿ ಮತ್ತೆ ಹಾಕೋದು. ನಿಮ್ಮಲ್ಲಿ ಎಷ್ಟು ಜನ ಊದಿದ್ದೀರಿ, ಕೈ ಎತ್ತಿ :-)

ಆಟ ಶುರುವಾದ ಕೂಡಲೇ ಅಡುಗೆಮನೆಯಿಂದ ಒಂದು ಕೂಗು. "ಸೌಂಡ್ ಕಮ್ಮಿ ಮಾಡೋ!" ಪಡಸಾಲೆಯಿಂದ ಅಪ್ಪನ ಇನ್ನೊಂದು ಕೂಗು. ಹಾಗಾಗಿ ಸೊನ್ನೆ ಸೌಂಡಿನಲ್ಲೇ ಆಡಿದೆ. ನಾನೊಬ್ಬನೇ ಅಲ್ಲ, ನಮ್ಮ ಬೀದಿಯ ಅಷ್ಟೂ ಹುಡುಗರು ಹಾಗೆಯೇ ಆಡಿದರು. ಸಿನಿಮಾ ನೋಡುವಾಗ ಯಾರೂ ಸೌಂಡ್ ತೆಗೆಯಲ್ಲ, ಗೇಮಿಗೆ ಮಾತ್ರ ಮೊದಲು ಕುತ್ತು ಬರೋದು ದನಿಗೆ. ಕಾಲೇಜಿಗೆ ಬಂದ ಮೇಲೆ ಕಂಪ್ಯೂಟರಿನಲ್ಲಿ ಎಮ್ಯುಲೇಟರ್ ಹಾಕಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ ಅದೇ ಸೂಪರ್ ಮಾರಿಯೋ ಬ್ರದರ್ಸ್ ಆಡಿದಾಗಲೇ ಗೊತ್ತಾದದ್ದು, ಕೆಳಗೆ ಒಂದು ಬೇಸ್ ಕುಣೀತಾ ಇದೆ ಅಂತ. ನೂರಾರು ಗಂಟೆ ಆಡಿದ್ದೆ, ಒಮ್ಮೆಯೂ ಕೇಳಿರಲಿಲ್ಲ.

ಆ ಬೇಸಿನ ಕತೆ ಹೇಳುತ್ತೇನೆ, ಇದು ಹೇಳಲೇಬೇಕಾದ್ದು.

1983ರಲ್ಲಿ ಬಂದ ಆ ನಿಂಟೆಂಡೋ ಯಂತ್ರದ ಚಿಪ್ಪಿನಲ್ಲಿ ಸದ್ದಿಗೆ ಇದ್ದದ್ದು ಐದೇ ಚಾನೆಲ್. ಎರಡು ಚೌಕ ಅಲೆಗಳು, ಒಂದು ತ್ರಿಕೋನ ಅಲೆ, ಒಂದು ಬರೀ ಹಿಸ್ಸೆನ್ನುವ ಸದ್ದು, ಇನ್ನೊಂದು ಚಿಕ್ಕಪುಟ್ಟ ರೆಕಾರ್ಡಿಂಗ್ ತುಣುಕುಗಳಿಗೆ. ತ್ರಿಕೋನದ ಚಾನೆಲ್ಲಿಗೆ ದನಿ ಏರಿಸೋ ಇಳಿಸೋ ಸೌಕರ್ಯವೂ ಇರಲಿಲ್ಲ. ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಇಷ್ಟರಲ್ಲಿ ಸಂಗೀತ ಮಾಡಬೇಕು. ಹಿಸ್ಸೆನ್ನುವ ಸದ್ದನ್ನು ಸಣ್ಣಗೆ ಕತ್ತರಿಸಿ ತಾಳವಾದ್ಯ ಮಾಡಿಕೊಂಡರು. ತ್ರಿಕೋನವನ್ನು ಬೇಸಿಗೆ ಇಟ್ಟರು. ಮೂರು ಸ್ವರ ಒಟ್ಟಿಗೆ ನುಡಿಸೋಕೆ ಚಾನೆಲ್ ಸಾಲದಾದಾಗ ಒಂದೇ ಚಾನೆಲ್ಲಿನಲ್ಲಿ ಮೂರನ್ನೂ ಒಂದರ ಹಿಂದೆ ಒಂದು ಎಷ್ಟು ವೇಗವಾಗಿ ಓಡಿಸುತ್ತಿದ್ದರೆಂದರೆ ಕಿವಿ ಮೋಸಹೋಗಿ ಕೂಡಿಸಿಕೊಂಡುಬಿಡುತ್ತೆ. ನನ್ನ ಗೆಳೆಯ ಹೇಳುವ "ಕುಂಯ್ ಕುಂಯ್" ಇದೇ. ಬಡತನದ ಮನೆಯಲ್ಲಿ ಹಬ್ಬದಡುಗೆ ಮಾಡಿದ ಹಾಗೆ.

1985ರ ಸೂಪರ್ ಮಾರಿಯೋ ಬ್ರದರ್ಸ್ ಇಡೀ ಆಟ, ಅಂದರೆ ಚಿತ್ರ, ಹಂತಗಳು, ಶತ್ರುಗಳು, ಸಂಗೀತ ಎಲ್ಲಾ ಸೇರಿ, 40 ಕಿಲೋಬೈಟ್. ಇವತ್ತು ಮೊಬೈಲಿನಲ್ಲಿ ತೆಗೆದ ಒಂದು ಫೋಟೋದ ಒಂದು ಮೂಲೆಯಷ್ಟು. ಅದಕ್ಕೆ ಸಂಗೀತ ಮಾಡಿದ ಕೋಜಿ ಕೊಂಡೋ ನಿಂಟೆಂಡೋ ಸೇರಿ ಆಗ ಒಂದು ವರ್ಷವಾಗಿತ್ತಷ್ಟೆ. ಮೊದಲು ಅವರು ಮಾಡಿದ್ದ ಧಾಟಿ ಇದಲ್ಲ, ಇನ್ನೂ ನಿಧಾನದ್ದು, ಆರಾಮದ್ದು. ಆಟ ಬೆಳೆಯುತ್ತಾ ಬಂದ ಹಾಗೆ ಮಾರಿಯೋನ ಓಟಕ್ಕೂ ಅದಕ್ಕೂ ಹೊಂದಲಿಲ್ಲ, ಬದಲಾಯಿಸಿದರು. ಅಂದರೆ ಕೈಯ ಲಯಕ್ಕೆ ತಕ್ಕಂತೆ ಕಟ್ಟಿದ ಸಂಗೀತ ಅದು. ಮಾರಿಯೋ ನೀರಿಗಿಳಿದ ಕೂಡಲೇ ಸಂಗೀತ ಮೂರರ ಲಯಕ್ಕೆ ತಿರುಗುತ್ತೆ, ವಾಲ್ಟ್ಸ್ ನೃತ್ಯದ ಹಾಗೆ ತೂಗುತ್ತೆ. ನೀರಿನಲ್ಲಿ ಈಜುವ ಕೈಕಾಲು ಹಾಗೇ ತಾನೆ ಆಡೋದು? ನೆಲದಡಿಗೆ ಹೋದರೆ ಒಂದಿಷ್ಟು ಸ್ವರ ಕುಪ್ಪಳಿಸಿ, ನಿಂತು, ಮೌನ. ಮತ್ತೆ ಅದೇ. ಆ ಮೌನದಲ್ಲೇ ಕತ್ತಲೆ ಇರೋದು.

ಇನ್ನೊಂದು ವಿಷಯ. ಮಾರಿಯೋ ಜಿಗಿದಾಗ ಬರುವ ಸದ್ದಿಗೂ ಇರೋದು ಅದೇ ಚಾನೆಲ್ಲುಗಳು. ಜಿಗಿದ ಕ್ಷಣ ಸಂಗೀತದಿಂದ ಒಂದು ಚಾನೆಲ್ ಕಿತ್ತುಕೊಂಡು ಆ ಸದ್ದು ಮಾಡಬೇಕು. ಅಂದರೆ ನೀವು ಗುಂಡಿ ಒತ್ತಿದಾಗಲೆಲ್ಲ ಪಕ್ಕವಾದ್ಯದವನೊಬ್ಬ ಎದ್ದು ಹೋಗಿ ಬಂದ ಹಾಗೆ. ಆದರೂ ಹಾಡು ಮುರಿಯಬಾರದು. ಮುರಿಯಲ್ಲ. ನಮ್ಮ ಕಛೇರಿಯಲ್ಲಿ ಮೃದಂಗದವರು ಪಲ್ಲವಿಯ ಮಧ್ಯೆ ನಿಮಿಷಕ್ಕೆ ಇಪ್ಪತ್ತು ಸಲ ಎದ್ದು ಹೋಗಲಿ, ನೋಡೋಣ!

ಈಗ ಎರಡನೇ ಆಕ್ಷೇಪಣೆಗೆ ಬರೋಣ. "ಹೇಳಿದ್ದೇ ಹೇಳ್ತದೆ, ಸುತ್ತಿ ಸುತ್ತಿ ಅದೇ ಬರ್ತದೆ." ಹೌದು, ಬರ್ತದೆ. ಅದು ದೋಷವಲ್ಲ, ಅದು ಕಷ್ಟ. ಒಂದೂವರೆ ನಿಮಿಷದ ಒಂದು ಚರಣ, ನೀವು ಆ ಹಂತ ದಾಟುವ ತನಕ ನೂರು ಸಲ ಬರಬಹುದು. ನೂರನೇ ಸಲವೂ ನಿಮ್ಮನ್ನು ಎಬ್ಬಿಸಿ ಓಡಿಸಬಾರದು. ಸಿನಿಮಾದ ಹಿನ್ನೆಲೆ ಸಂಗೀತ ಮಾಡುವವರಿಗೆ ಈ ಕಷ್ಟವಿಲ್ಲ. ಹೀರೋ ಬಾಗಿಲು ತೆಗೆಯೋದು ಎಷ್ಟನೇ ಸೆಕೆಂಡಿಗೆ ಅಂತ ಅವರಿಗೆ ಮೊದಲೇ ಗೊತ್ತು. ಗೇಮಿನಲ್ಲಿ ಬಾಗಿಲ ಮುಂದೆ ಹತ್ತು ಸೆಕೆಂಡ್ ನಿಲ್ಲುವವನೂ ಇದ್ದಾನೆ, ಆಟ ಬಿಟ್ಟು ಊಟಕ್ಕೆ ಹೋಗುವವನೂ ಇದ್ದಾನೆ. ಸಂಗೀತ ಇಬ್ಬರಿಗೂ ಕಾಯಬೇಕು.

ಈ ಕಾಯುವ ಸಂಗೀತ ನಮಗೇನು ಹೊಸದಾ? ಯಕ್ಷಗಾನ ನೋಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಯೇ ಇಲ್ಲ. ಪದ್ಯವನ್ನು ಎಷ್ಟು ಬೆಳೆಸಬೇಕು, ಎಲ್ಲಿ ಎತ್ತಬೇಕು, ಎಲ್ಲಿ ಮುಗಿಸಬೇಕು ಅನ್ನೋದನ್ನ ಭಾಗವತರು ರಂಗ ನೋಡಿ ನಿರ್ಧರಿಸುತ್ತಾರೆ. ವೇಷಧಾರಿ ಕುಣಿತಕ್ಕೆ ಹೊರಟರೆ ಚಂಡೆ ಮದ್ದಳೆ ಅವನ ಹೆಜ್ಜೆ ಹಿಡಿಯುತ್ತವೆ. ಗೇಮಿನಲ್ಲಿ ಆಟಗಾರನೇ ವೇಷಧಾರಿ, ಭಾಗವತರ ಬುದ್ಧಿಯನ್ನು ಮೊದಲೇ ಬರೆದಿಡಬೇಕು, ಅಷ್ಟೇ ವ್ಯತ್ಯಾಸ. 1978ರ ಸ್ಪೇಸ್ ಇನ್ವೇಡರ್ಸ್ ಆಟದಲ್ಲಿ ಇದ್ದದ್ದು ಬರೀ ನಾಲ್ಕು ಸ್ವರ, ಮೇಲಿಂದ ಕೆಳಗಿಳಿಯುವ ನಾಲ್ಕು ಮಂದ್ರ ಸ್ವರ. ಶತ್ರುಗಳು ಕಮ್ಮಿಯಾಗುತ್ತಾ ಹೋದ ಹಾಗೆ ಅವು ವೇಗವಾಗುತ್ತಾ ಹೋಗುತ್ತವೆ. ಎದೆಬಡಿತವೂ ಹಿಂದೆಯೇ ಏರುತ್ತೆ. 1991ರಲ್ಲಿ ಲ್ಯೂಕಾಸ್‌ಆರ್ಟ್ಸ್‌ನ ಮೈಕೇಲ್ ಲ್ಯಾಂಡ್ ಮತ್ತು ಪೀಟರ್ ಮೆಕಾನೆಲ್ ಐಮ್ಯೂಸ್ ಅನ್ನೋ ಏರ್ಪಾಡು ಕಟ್ಟಿದರು. ಅದು ಬಂದ ಮಂಕಿ ಐಲೆಂಡ್ ಎರಡನೇ ಆಟದಲ್ಲಿ ವುಡ್‌ಟಿಕ್ ಅನ್ನೋ ಊರಿದೆ. ಅಲ್ಲಿ ಒಂದು ಮನೆಯಿಂದ ಇನ್ನೊಂದಕ್ಕೆ ನೀವು ನಡೆದ ಹಾಗೆ ಅದೇ ಧಾಟಿ ವಾದ್ಯ ಬದಲಾಯಿಸಿಕೊಂಡು, ತಾಳ ತಪ್ಪದೆ, ನಿಮ್ಮ ಹಿಂದೆಯೇ ಬರುತ್ತೆ. ಯೂಟ್ಯೂಬಿನಲ್ಲಿ ಅದರ ಹಾಡು ಕೇಳಿದರೆ ಇದು ಗೊತ್ತಾಗಲ್ಲ. ಆಡಿಯೇ ಕೇಳಬೇಕು.

ಇನ್ನು ಮಿಕ್ಸಿ. ಬಿ.ವಿ. ಕಾರಂತರ ರಂಗಸಂಗೀತದಲ್ಲಿ ಸದ್ದೇ ಸಂಗೀತವಾಗೋದನ್ನ ಬಾಯಿ ತುಂಬಾ ಹೊಗಳಿದವರು ನಾವು. ನಾಟಕದ ಕಂಪನಿಗಳ ಕಾಲ ಮುಗಿದ ಮೇಲೂ ರಂಗಗೀತೆಗಳನ್ನು ಬೇರೆಯಾಗಿಯೇ ಹಾಡಿಕೊಂಡು ಬಂದವರು. ಆಗ ಯಾರೂ "ಅದು ನಾಟಕದ್ದು, ಈಗ ಒಳ್ಳೇ ಹಾಡು ಹಾಡು" ಅನ್ನಲಿಲ್ಲವಲ್ಲ?

ಇಲ್ಲಿ ನನ್ನ ಕಡೆಯವರಿಗೂ ಎರಡು ಮಾತು ಹೇಳಬೇಕು. ಏಕೆಂದರೆ ಗೆಳೆಯನಿಗೆ ಉತ್ತರ ಕೊಡೋಕೆ ನಾನು ಮೊದಲು ತಯಾರು ಮಾಡಿಕೊಂಡದ್ದು ಒಂದು ಪ್ರಶಸ್ತಿ ಪಟ್ಟಿ. 2023ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕಾಪಾಡಬೇಕಾದ ಧ್ವನಿಮುದ್ರಿಕೆಗಳ ರಾಷ್ಟ್ರೀಯ ಪಟ್ಟಿಗೆ ಮಾರಿಯೋ ಧಾಟಿಯನ್ನು ಸೇರಿಸಿತು, ಗೇಮ್ ಸಂಗೀತದಲ್ಲಿ ಅದೇ ಮೊದಲು. 2025ರಲ್ಲಿ ಮೈನ್‌ಕ್ರಾಫ್ಟಿನ ಮೊದಲ ಆಲ್ಬಮ್ಮನ್ನೂ ಸೇರಿಸಿತು. ಅಂದರೆ ಅಕ್ಕನ ಮಗಳು ನುಡಿಸುತ್ತಿದ್ದ ಹಾಡು ಆ ಪಟ್ಟಿಯಲ್ಲಿದೆ! 2011ರಲ್ಲಿ ಸಿವಿಲೈಸೇಶನ್ ನಾಲ್ಕನೇ ಆಟಕ್ಕಾಗಿ ಕ್ರಿಸ್ಟೋಫರ್ ಟಿನ್ ಮಾಡಿದ್ದ ಹಾಡಿಗೆ ಗ್ರ್ಯಾಮಿ ಬಂತು. 2021ರಲ್ಲಿ ಟೋಕಿಯೋ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ದೇಶದೇಶದ ಕ್ರೀಡಾಪಟುಗಳು ನಡೆದು ಬಂದದ್ದು ಗೇಮ್ ಸಂಗೀತಕ್ಕೆ, ಮೊದಲು ಬಂದದ್ದು ಡ್ರ್ಯಾಗನ್ ಕ್ವೆಸ್ಟ್‌ನದು. ಅದನ್ನು ಮಾಡಿದ ಕೋಯಿಚಿ ಸುಗಿಯಾಮಾ 1987ರಷ್ಟು ಹಿಂದೆಯೇ ಟೋಕಿಯೋದ ಸಂಟೋರಿ ಹಾಲ್‌ನಲ್ಲಿ ಗೇಮ್ ಸಂಗೀತದ ಕಛೇರಿ ಮಾಡಿಸಿದ್ದರು.

ಬರೆದು ಮುಗಿಸಿ ಓದಿದೆ. ನಾಚಿಕೆಯಾಯಿತು. ಪ್ರಶಸ್ತಿ ಬಂದ ಮೇಲೆ ಕವಿಯನ್ನು ಓದುವವರನ್ನ ಇದೇ ಬ್ಲಾಗಿನಲ್ಲಿ ಎಷ್ಟು ಸಲ ಗೇಲಿ ಮಾಡಿಲ್ಲ ನಾನು? ಲೈಬ್ರರಿಯವರು ಮುದ್ರೆ ಒತ್ತದೇ ಇದ್ದಿದ್ದರೆ ಆ ಹುಡುಗಿ ನುಡಿಸಿದ್ದು ಕುಂಯ್ ಕುಂಯ್ ಆಗಿಬಿಡುತ್ತಿತ್ತಾ? ಗೆಳೆಯ ಊರಿನ ಹೆಸರು ಕೇಳಿ ತಿರಸ್ಕರಿಸಿದ, ನಾನು ಬಿರುದು ತೋರಿಸಿ ಒಪ್ಪಿಸೋಕೆ ಹೊರಟೆ. ಇಬ್ಬರೂ ಕೇಳಲಿಲ್ಲ.

ಗೇಮ್ ಸಂಗೀತದ ಅಭಿಮಾನಿಗಳಿಗೆ ಇರುವ ದೊಡ್ಡ ರೋಗವೇ ಇದು. "ನೋಡಿ, ಎಂಬತ್ತು ಜನರ ಆರ್ಕೆಸ್ಟ್ರಾ ನುಡಿಸ್ತಾ ಇದೆ" ಅಂತ ವಿಡಿಯೋ ಕಳಿಸೋದು. ಪಿಟೀಲು ಹಿಡಿದು ಸೂಟು ಹಾಕಿದರೆ ಮಾತ್ರ ಮರ್ಯಾದೆ ಅಂತ ನಾವೇ ಒಪ್ಪಿಕೊಂಡ ಹಾಗಾಯಿತಲ್ಲ! 1994ರ ಫೈನಲ್ ಫ್ಯಾಂಟಸಿ ಆರನೇ ಆಟದಲ್ಲಿ ಒಂದು ಒಪೆರಾ ದೃಶ್ಯವಿದೆ. ಸೆಲೆಸ್ ಅನ್ನೋಳು ಸೈನ್ಯದಲ್ಲಿ ಸೇನಾನಿಯಾಗಿದ್ದವಳು, ಗಾಯಕಿಯ ವೇಷ ಹಾಕಿ ರಂಗಕ್ಕೆ ಬರಬೇಕು. ಸಂಗೀತ ನೊಬುವೋ ಉಯೆಮಾತ್ಸು ಅವರದು, ಸ್ವಂತವಾಗಿ ಕಲಿತವರು. ಆ ಯಂತ್ರದ ಸದ್ದಿನ ಭಾಗಕ್ಕೆ ಇದ್ದದ್ದು 64 ಕಿಲೋಬೈಟ್ ನೆನಪು, ಎಂಟು ಚಾನೆಲ್. ಅದರಲ್ಲಿ ಮನುಷ್ಯರ ಗಾಯನ ಎಲ್ಲಿಂದ ತರೋದು? ಹಾಗಾಗಿ ಸಾಹಿತ್ಯ ತೆರೆಯ ಮೇಲೆ ಅಕ್ಷರವಾಗಿ ಬರುತ್ತೆ, ಚಿಪ್ಪು ಬರೀ ಸ್ವರ ಹಿಡಿದು ಎಳೆಯುತ್ತೆ. ಮಾತು ಬಾರದವರು ಹಾಡೋಕೆ ಹೊರಟ ಹಾಗೆ. ಮುಂದಿನ ಸಾಲು ಯಾವುದು ಅಂತ ಆಟಗಾರನೇ ನೆನಪಿಟ್ಟು ಆರಿಸಬೇಕು. ತಪ್ಪಿದರೆ ನಾಟಕ ಕೆಟ್ಟಿತು. ಹಾಡಲು ಬಾರದ ಸೇನಾನಿ, ಹಾಡಲು ಬಾರದ ಚಿಪ್ಪು, ಹಾಡಲು ಬಾರದ ನಾನು, ಮೂವರೂ ಸೇರಿ ಹೇಗೋ ಒಂದು ಹಾಡು ದಾಟಿಸುತ್ತೇವೆ. ಆಮೇಲೆ ನಿಜವಾದ ಗಾಯಕಿಯರು, ನಿಜವಾದ ಆರ್ಕೆಸ್ಟ್ರಾ ಸೇರಿ ಇದನ್ನು ಎಷ್ಟೋ ಸಲ ಹಾಡಿದ್ದಾರೆ. ಅದ್ಭುತ ಕಂಠಗಳು. ಆದರೆ ಅಲ್ಲಿ ಯಾರಿಗೂ ಕಷ್ಟವೇ ಇಲ್ಲ! ನನಗೆ ಆ ಚಿಪ್ಪಿನ ಗಂಟಲು ಕಟ್ಟಿದ ದನಿಯೇ ಬೇಕು.

ಕಸ ಇಲ್ಲವಾ ಅಂದರೆ, ಇದೆ. ರಾಶಿ ರಾಶಿ ಇದೆ. ಮೊಬೈಲ್ ಗೇಮುಗಳ ಜೂಜುಕಟ್ಟೆಯ ಗಂಟೆ ಸದ್ದು, ಚಿನ್ನದ ನಾಣ್ಯ ಉದುರುವ ಸದ್ದು ಕೇಳಿದರೆ ನನಗೂ ಮಿಕ್ಸಿಯೇ ವಾಸಿ. ಕೋಟಿಗಟ್ಟಲೆ ಸುರಿದು ಮಾಡಿದ ದೊಡ್ಡ ಗೇಮುಗಳಲ್ಲಿ ಹಾಲಿವುಡ್ಡಿನ ಹಾಗೆ ಡಮಡಮ ಡೋಲು, ಹಿಂದೆ ನೂರು ಜನರ "ಆಆಆ". ಅದೂ ಬೇಡ. ಆದರೆ ಕಸ ನೋಡಿ ತೋಟವನ್ನೇ ಅಲ್ಲಗಳೆಯೋ ನ್ಯಾಯವನ್ನ ಸಿನಿಮಾ ಹಾಡಿಗೂ ಹಚ್ಚಿ ನೋಡಿ, ಎಷ್ಟು ಉಳಿಯುತ್ತೆ?

ಯೋಕೋ ಶಿಮೊಮುರಾ ಅಂತ ಒಬ್ಬರಿದ್ದಾರೆ. ಒಸಾಕಾದ ಸಂಗೀತ ಕಾಲೇಜಿನಲ್ಲಿ ಪಿಯಾನೋ ಓದಿದವರು. ಪಿಯಾನೋ ಟೀಚರ್ ಕೆಲಸ ಸಿಕ್ಕಿತ್ತು, ಅದನ್ನು ಬಿಟ್ಟು 1988ರಲ್ಲಿ ಕ್ಯಾಪ್‌ಕಾಮ್ ಅನ್ನೋ ಗೇಮ್ ಕಂಪನಿ ಸೇರಿದರು. ಮನೆಯವರಿಗೂ ಗುರುಗಳಿಗೂ ಬೇಸರವೋ ಬೇಸರ. ಇಷ್ಟು ಫೀಸು ಕಟ್ಟಿ ಓದಿಸಿದ್ದು ಇದಕ್ಕಾ ಅಂತ. ಮೂರು ವರ್ಷದ ಮೇಲೆ ಬಂದ ಸ್ಟ್ರೀಟ್ ಫೈಟರ್ ಎರಡನೇ ಆಟದ ಬಹುಪಾಲು ಸಂಗೀತ ಅವರದು. ನಮ್ಮೂರ ಅಂಗಡಿಯಲ್ಲೂ ಅದರ ಯಾವುದೋ ಕಳ್ಳಪ್ರತಿ ಇತ್ತು. ಅದನ್ನು ಮಾಡಿದ್ದು ಒಬ್ಬ ಹೆಂಗಸು ಅಂತ ನನಗೆ ಗೊತ್ತಾಗೋಕೆ ಹದಿನೈದು ವರ್ಷ ಬೇಕಾಯಿತು. ಆಗಿನ ಗೇಮುಗಳಲ್ಲಿ ಸಂಗೀತ ಮಾಡಿದವರ ನಿಜನಾಮ ಹಾಕುತ್ತಿದ್ದದ್ದೇ ಕಮ್ಮಿ. ಬೇರೆ ಕಂಪನಿಯವರು ಎಳೆದುಕೊಂಡಾರು ಅಂತ ಅಡ್ಡಹೆಸರು ಹಾಕಿಸುತ್ತಿದ್ದರು. ಹೆಸರಿಲ್ಲದವರ ಸಂಗೀತವನ್ನ ದನಿಯಿಲ್ಲದೆ ಕೇಳಿ ಬೆಳೆದೆವು ನಾವು.

ಮತ್ತೆ ಇದು ಉಳಿಯುವುದೂ ಸುಲಭವಲ್ಲ. 2023ರಲ್ಲಿ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ ಲೆಕ್ಕ ಹಾಕಿ ಹೇಳಿದ್ದು, ಅಮೆರಿಕದಲ್ಲಿ ಬಿಡುಗಡೆಯಾದ ಹಳೇ ಗೇಮುಗಳಲ್ಲಿ ಶೇಕಡಾ 87 ಈಗ ಅಂಗಡಿಯಲ್ಲಿ ಸಿಗೋದೇ ಇಲ್ಲ ಅಂತ. ಆಟ ಹೋದರೆ ಅದರೊಳಗಿನ ಸಂಗೀತವೂ ಹೋಯಿತು. ಹಾಳಾಗುವ ಕ್ಯಾಸೆಟ್ಟುಗಳಿಂದ ಇದನ್ನು ಬಿಡಿಸಿ ಉಳಿಸಿಕೊಂಡವರಲ್ಲಿ ಹೆಚ್ಚಿನವರು ಹವ್ಯಾಸಿಗಳು, ನಮ್ಮ ನಿಮ್ಮಂಥವರು.

ಕನ್ನಡದ ಬ್ಲಾಗಿಗ ಮಿತ್ರರೇ, ನಾವು ಭಾವಗೀತೆ ಬಗ್ಗೆ ಬರೆದಿದ್ದೇವೆ, ಹಳೇ ಸಿನಿಮಾ ಹಾಡಿನ ಬಗ್ಗೆ ಬರೆದು ಬರೆದು ಸವೆಸಿದ್ದೇವೆ, ಆಕಾಶವಾಣಿಯ ಬೆಳಗಿನ ಧ್ವನಿಯ ಬಗ್ಗೆ ಕಣ್ಣೀರು ಹಾಕಿದ್ದೇವೆ. ಟಿವಿ ಗೇಮ್ ಆಡಿ ಬೆಳೆದ ನಮ್ಮಲ್ಲಿ ಒಬ್ಬರಾದರೂ ಆ ಸಂಗೀತದ ಬಗ್ಗೆ ಒಂದು ಪುಟ ಯಾಕೆ ಬರೆಯಲಿಲ್ಲ? 2023ರಲ್ಲಿ ವೆಂಬಾ ಅಂತ ಒಂದು ಗೇಮ್ ಬಂತು. ಕೆನಡಾಕ್ಕೆ ಹೋದ ಒಂದು ತಮಿಳು ಕುಟುಂಬ, ಅವರ ಅಡುಗೆಮನೆ. ಇಡ್ಲಿ ಬೇಯಿಸುವುದೇ ಆಟ. ಪಕ್ಕದಲ್ಲಿ ರೇಡಿಯೋ, ಅದರಲ್ಲಿ ಬೇರೆ ಬೇರೆ ಕಾಲದ ತಮಿಳು ಸಿನಿಮಾ ಹಾಡಿನ ಧಾಟಿಯಲ್ಲಿ ಹೊಸದಾಗಿ ಕಟ್ಟಿದ ಹಾಡುಗಳು. ನಾನು ಇಡ್ಲಿ ಸೀದುಹೋದರೂ ಬಿಟ್ಟು ರೇಡಿಯೋ ಕೇಳುತ್ತಾ ಕೂತಿದ್ದೆ. ಹೊಟ್ಟೆಕಿಚ್ಚಾಯಿತು ಅಂತ ಬೇರೆ ಹೇಳಬೇಕಾಗಿಲ್ಲ.

ಕೇಳಬೇಕು ಅನ್ನೋರಿಗೆ: ಹೆಡ್‌ಫೋನ್ ಹಾಕಿ. ಮೇಲಿನ ರಾಗ ಬಿಟ್ಟು ತ್ರಿಕೋನದ ಬೇಸನ್ನೇ ಹಿಂಬಾಲಿಸಿ. ಸಾಧ್ಯವಾದರೆ ಆಡಿ, ಆಗದಿದ್ದರೆ ಆಡುವ ಮಕ್ಕಳ ಪಕ್ಕ ಕೂತುಕೊಳ್ಳಿ, ಸೌಂಡ್ ಕಮ್ಮಿ ಮಾಡು ಅನ್ನದೆ. ಮೈನ್‌ಕ್ರಾಫ್ಟಿನಲ್ಲಂತೂ ಸಂಗೀತ ಯಾವಾಗ ಬರುತ್ತೆ ಅಂತ ಹೇಳೋಕೆ ಬರಲ್ಲ. ಎಷ್ಟೋ ಹೊತ್ತು ಮೌನ. ಕಲ್ಲು ಒಡೆಯುತ್ತಾ, ಮಣ್ಣು ಅಗೆಯುತ್ತಾ ಇರುತ್ತೀರಿ. ಇದ್ದಕ್ಕಿದ್ದ ಹಾಗೆ ಪಿಯಾನೋದ ನಾಲ್ಕು ಸ್ವರ. ಸೂರ್ಯ ಮುಳುಗುತ್ತಿರಬಹುದು, ಇಲ್ಲದೆಯೂ ಇರಬಹುದು. ಡೇನಿಯಲ್ ರೋಸೆನ್‌ಫೆಲ್ಡ್ ಅನ್ನೋ ಜರ್ಮನ್ ಹುಡುಗ ಮಾಡಿದ್ದು ಅದು, ಆಲ್ಬಮ್ 2011ರಲ್ಲಿ ಬಂದಾಗ ಅವನಿಗೆ ಇಪ್ಪತ್ತೆರಡೂ ತುಂಬಿರಲಿಲ್ಲ. ಅಕ್ಕನ ಮಗಳು ಆ ನಾಲ್ಕು ಸ್ವರಕ್ಕಾಗಿ ಎಷ್ಟು ಸಂಜೆ ಕಾದಿದ್ದಳೋ, ಎಷ್ಟು ಸಲ ತಪ್ಪಿಸಿಕೊಂಡಿದ್ದಳೋ.

ಬರುವ ಭಾನುವಾರ ಗೆಳೆಯ ನಮ್ಮ ಮನೆಗೆ ಬರುತ್ತಿದ್ದಾನೆ. ಇದನ್ನು ಓದಿಕೊಂಡೇ ಬರ್ತಾನೆ, ಜಗಳಕ್ಕೆ ತಯಾರಾಗಿ. ಅಕ್ಕನ ಮಗಳಿಗೂ ಬಾ ಅಂದಿದ್ದೇನೆ.

"ಬರ್ತೀನಿ ಮಾಮ. ಆದ್ರೆ ಕೀಬೋರ್ಡ್ ತರಲ್ಲ" ಅಂದಿದ್ದಾಳೆ.

ನೋಡೋಣ.